ಧರ್ಮಗ್ರಂಥದ ಮೇಲೆ ಮಲಗುವ ಬೆಕ್ಕಿನವರ ಸನ್ನಿಧಾನಕ್ಕೆ

ಮಾನ್ಯ ಮಾರ್ಜಾಲ ಮಹೋದಯೆಯವರೇ,

ತಮ್ಮ ನಾಲ್ಕೂ ಪಾದಗಳಿಗೆ, ಮೀಸೆಗೆ ಹಾಗೂ ಯಾರಿಗೂ ಬಾಗದ ಬಾಲಕ್ಕೆ ಪ್ರತ್ಯೇಕವಾಗಿ ವಂದಿಸುತ್ತ, ಬೀದಿಯ ಪ್ರಾರ್ಥನಾ ಮಂದಿರದಲ್ಲಿ ಬೆಳಗಿನ ಪಾರಾಯಣ ಮಾಡುವ, ಉಳಿದ ಹೊತ್ತಿನಲ್ಲಿ ಹೊಲಿಗೆ ಯಂತ್ರ ತುಳಿಯುವ ನಾನು ಈ ಬಹಿರಂಗ ಪತ್ರವನ್ನು ಅರ್ಪಿಸುತ್ತಿದ್ದೇನೆ. ಮೊನ್ನೆ ಮರಿ ಹಾಕುವವರೆಗೂ ತಮ್ಮನ್ನು ಮಹಾಶಯರೆಂದೇ ತಿಳಿದಿದ್ದಕ್ಕೆ ಮೊದಲು ಕ್ಷಮೆ ಇರಲಿ.

ತಮಗೆ ತಿಳಿದಿರುವಂತೆ, ಅಥವಾ ತಿಳಿದೂ ತಾವು ಕ್ಯಾರೆ ಎನ್ನದಿರುವಂತೆ, ನಮ್ಮ ಮಂದಿರದಲ್ಲಿ ಇಂಥ ದಿನ ಇಂಥದ್ದನ್ನೇ ಓದಬೇಕೆಂಬ ಕಟ್ಟಳೆಯಿಲ್ಲ. ಗ್ರಂಥವನ್ನು ಎರಡೂ ಕೈಯಲ್ಲಿ ಎತ್ತಿ, ಪೀಠದ ಮೇಲಿಟ್ಟು ಕೈ ಬಿಟ್ಟಾಗ ಅದು ತಾನಾಗಿ ಯಾವ ಪುಟಕ್ಕೆ ತೆರೆದುಕೊಳ್ಳುತ್ತದೋ ಅದೇ ಆ ದಿನದ ದೈವಾಜ್ಞೆ. ಈ ಪದ್ಧತಿ ಮಾಡಿದ ಹಿರಿಯರು ದೇವರ ಇಚ್ಛೆಯನ್ನು ಗಣನೆಗೆ ತೆಗೆದುಕೊಂಡರೇ ಹೊರತು ಬೆಕ್ಕಿನ ತೂಕವನ್ನಲ್ಲ.

ಚಳಿಗಾಲದಲ್ಲಿ ಕಿಟಕಿಯ ಬಿಸಿಲು ಪೀಠದ ಮೇಲೆ ಬೀಳುವುದನ್ನು ತಾವು ಕಂಡುಕೊಂಡಿರಿ. ತೆರೆದಿಟ್ಟ ಗ್ರಂಥದ ಮೇಲೆ ಮಧ್ಯಾಹ್ನವೆಲ್ಲ ಮಲಗಿ, ಮಲಗಿ, ಒಂದೇ ಪುಟದಲ್ಲಿ ಅದರ ಬೆನ್ನು ಮುರಿದಿರಿ. ಅದು, ಒಂದೇ ಒಂದು ಆಡನ್ನು ಹೊಡೆದುಕೊಂಡು ಹೋಗಿ ಒಂದು ಮಂದೆಯನ್ನೇ ಹೊಡೆದುಕೊಂಡು ಬಂದ ವ್ಯಾಪಾರಿಯನ್ನು ದೇವರು ಬೆನ್ನು ತಟ್ಟಿ ಮೆಚ್ಚಿದ ಪುಟ. ಬಾಗಿಲಿಗೆ ಬಂದ ಹಸಿದವನ ಹೆಸರನ್ನೂ ಕೇಳದೆ ಬಡಿಸು ಎಂಬ ಪುಟ ಸ್ವಲ್ಪ ಮುಂದೆಯೇ ಇದೆ. ಗ್ರಂಥ ಒಂದೇ, ದೇವರೂ ಒಬ್ಬನೇ, ನಡುವೆ ಅಡ್ಡ ಬಂದಿದ್ದು ತಮ್ಮ ಹೊಟ್ಟೆ.

ಅಂದಿನಿಂದ ಗ್ರಂಥ ದಿನವೂ ಆ ಆಡಿನ ಪುಟಕ್ಕೇ ತೆರೆದುಕೊಂಡಿತು, ನಾನು ದಿನವೂ ಅದನ್ನೇ ಓದಿದೆ, ಮಂದಿರದ ಅಧ್ಯಕ್ಷರೂ ನನ್ನ ಅಕ್ಕನ ಗಂಡನೂ ಆದ ಬೇಕರಿ ಭಾವ ದಿನವೂ ಕಣ್ಣು ಮುಚ್ಚಿ ತಲೆದೂಗಿದರು. ಸಂಜೆ ಉಳಿದ ಬ್ರೆಡ್ಡನ್ನು ಮಂದಿರದ ಹಿಂದಿನ ಮೆಟ್ಟಿಲ ಮೇಲೆ ಕುಳಿತವರಿಗೆ ಹಂಚುತ್ತಿದ್ದ ಮನುಷ್ಯ, ಈಗ ಅದನ್ನೇ ಒಣಗಿಸಿ ರಸ್ಕ್ ಮಾಡಿ ಮಾರತೊಡಗಿದರು. ಮೂಟೆ ಹೊರುವ ಮುದುಕಪ್ಪನೂ, ಮಕ್ಕಳಿಬ್ಬರನ್ನು ಕಟ್ಟಿಕೊಂಡು ಬರುವ ಪಾತ್ರೆ ತೊಳೆಯುವಾಕೆಯೂ ಮೆಟ್ಟಿಲ ಮೇಲೆ ಕತ್ತಲಾಗುವವರೆಗೆ ಕಾದು ಬರಿಗೈಯಲ್ಲಿ ಎದ್ದು ಹೋಗುವುದನ್ನು ನೋಡಿ ನಾನು ಬೇಕರಿಗೇ ಹೋದೆ. ಕೇಳಿದರೆ ಭಾವ ಕೈ ಚೆಲ್ಲಿದರು: "ನಾನೇನಮ್ಮ ಮಾಡ್ಲಿ, ದೇವ್ರೇ ದಿನಾ ಅದನ್ನೇ ಹೇಳ್ತಿದಾನೆ."

ಮಹೋದಯೆ, ತಮ್ಮ ಪಾಂಡಿತ್ಯಕ್ಕೆ ಸಾಟಿಯಿಲ್ಲ. ಬಂಡವಾಳದ ಪರವಾಗಿ ದೊಡ್ಡ ದೊಡ್ಡವರು ದಪ್ಪ ದಪ್ಪ ಪುಸ್ತಕ ಬರೆದು ಮಾಡಲಾಗದ್ದನ್ನು ತಾವು ಗೊರಕೆ ಹೊಡೆಯುತ್ತ ಮಾಡಿದಿರಿ. ಬಡವರ ಪುಟದ ಕಡೆಗೂ ತಮ್ಮ ಕೃಪೆ ಹರಿಯಲೆಂದು ನಾನು ಅಲ್ಲೊಂದು ಮೀನಿನ ತಲೆಯನ್ನಿಟ್ಟು ಬೇಡಿಕೊಂಡೆ. ತಾವು ಅದನ್ನು ಕಚ್ಚಿಕೊಂಡು ನಿಧಾನವಾಗಿ ಆಡಿನ ಪುಟಕ್ಕೇ ಹಿಂತಿರುಗಿ, ಅಲ್ಲಿಯೇ ಊಟ ಮುಗಿಸಿ, ಕೈಕಾಲು ನೆಕ್ಕಿಕೊಂಡು ಮಲಗಿದಿರಿ. ಮರುದಿನ ಮೀನಿನ ಜಿಡ್ಡು ಹತ್ತಿ ವ್ಯಾಪಾರಿ ಫಳಫಳ ಹೊಳೆಯುತ್ತಿದ್ದುದನ್ನು ನೋಡಿ ಜನ ಪವಾಡವೆಂದು ಕೈ ಮುಗಿದರು.

ಆಮೇಲೆ ತಾವು ಹೆರಿಗೆಗೆ ಭಾವನ ಬೇಕರಿಯನ್ನೇ ಆರಿಸಿಕೊಂಡಿರಿ, ಅದೂ ರಸ್ಕಿನ ಬುಟ್ಟಿಯನ್ನೇ. ಅಂದಿನಿಂದ ಭಾವ ರಸ್ಕನ್ನು ಹಾಲಿನಲ್ಲಿ ಅದ್ದಿ, ಕೈಯಾರೆ ಹಿಸುಕಿ, ತಮಗೆ ಸರಬರಾಜು ಮಾಡುತ್ತಿದ್ದಾರೆ. ಈ ಮರಿಗಳು ಎಷ್ಟು ಆಡು ದುಡಿದು ತರುತ್ತವೆ ಎಂದು ಅಕ್ಕ ಕಾಲೆಳೆದರೆ ಭಾವನಿಗೆ ಸಿಟ್ಟೇ ಬಂತು. "ಪಾಪ, ಅವಕ್ಕೇನೇ ಗೊತ್ತಾಗತ್ತೆ, ಹಸಿವು ತಾನೇ? ಮೊದ್ಲು ತಿನ್ಲಿ," ಎಂದರು.

ನಾನು ಅಲ್ಲಿಯೇ ಇದ್ದೆ. ಮರುದಿನ ಬೆಳಿಗ್ಗೆ ಗ್ರಂಥ ಎಂದಿನಂತೆ ಆಡಿಗೆ ತೆರೆದುಕೊಂಡಿತು. ನಾನು ಎಂದಿನಂತೆ ಗಂಟಲು ಸರಿಮಾಡಿಕೊಂಡು, ಪಾರಾಯಣದ ಅದೇ ರಾಗದಲ್ಲಿ, "ಪಾಪ, ಅವರಿಗೇನು ತಿಳಿಯುತ್ತದೆ, ಅದು ಹಸಿವು; ಮೊದಲು ತಿನ್ನಲಿ" ಎಂದು ಓದಿದೆ. ಭಾವನ ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು. ಹೊರಗೆ ಬಂದು, ಎಂಥ ಮಾತು, ಇದನ್ನೆಲ್ಲ ಹೇಳಬೇಕಾದರೆ ದೇವರೇ ಆಗಬೇಕು ಎಂದರು. ಅಂದು ಸಂಜೆ ಮೆಟ್ಟಿಲಿಗೆ ಬ್ರೆಡ್ಡು ಬಂತು, ಬೆಣ್ಣೆ ಸವರಿಕೊಂಡು ಬಂತು.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹವಿಷ್ಟೇ: ದಯಮಾಡಿ ತಮ್ಮ ಮರಿಗಳು ಎಂದೆಂದಿಗೂ ದೊಡ್ಡವಾಗದಂತೆ ನೋಡಿಕೊಳ್ಳಿ. ಅದು ತಮ್ಮ ಅಧಿಕಾರ ವ್ಯಾಪ್ತಿಗೆ ಬರದಿದ್ದರೆ, ಮೆಟ್ಟಿಲ ಮೇಲಿನವರನ್ನೂ ತಮ್ಮ ಮರಿಗಳೆಂದು ಒಮ್ಮೆ ಭಾವನೆದುರು ನೆಕ್ಕಿ ತೋರಿಸಿ. ಮುದುಕಪ್ಪ ತಕರಾರು ಮಾಡುವುದಿಲ್ಲವೆಂದು ಒಪ್ಪಿಕೊಂಡಿದ್ದಾನೆ.

ಇಂತು, ತಮ್ಮ ಕೂದಲನ್ನು ದಿನವೂ ದೇವವಾಕ್ಯದಿಂದ ಆರಿಸುವ
ತಮ್ಮ ವಿಶ್ವಾಸಿ,
ಪಾರಾಯಣದ ದರ್ಜಿ

ತಾ.ಕ.: ಪತ್ರ ಬಹಿರಂಗವಾದರೂ ಚಿಂತೆಯಿಲ್ಲ, ಕಣ್ಣು ಮಂಜಾದ ಭಾವನಿಗೆ ಪತ್ರಿಕೆ ಓದಿ ಹೇಳುವವಳೂ ನಾನೇ ಎಂದುಕೊಂಡಿದ್ದೆ. ಆದರೆ ಅವರು ಹೊಸ ಕನ್ನಡಕ ಮಾಡಿಸಿಕೊಂಡಿದ್ದಾರಂತೆ, ನಾಳೆ ಹಸಿವಿನ ಆ ಮಾತನ್ನು ಗ್ರಂಥದಲ್ಲಿ ಕಣ್ಣಾರೆ ಓದುತ್ತಾರಂತೆ. ಹಾಗಾಗಿ ತಾವು ನಸುಕಿನಲ್ಲೇ ದಯಮಾಡಿಸಿ, ಅದೇ ಪುಟದ ಮೇಲೆ ಮೈ ಚಾಚಿ ಮಲಗಬೇಕು, ಯಾರು ಎಬ್ಬಿಸಿದರೂ ಏಳಬಾರದು. ಬಡವರಿಗಾಗಿ ಇಷ್ಟು ಕಷ್ಟಪಡಲು ತಮ್ಮಷ್ಟು ಅನುಭವ ಬೇರೆ ಯಾರಿಗಿದೆ?