ಸಾವಿರಾರು ಎಂದರೆ ಎಷ್ಟು?

ನನ್ನ ಸೋದರತ್ತೆಯ ಎದುರು ‘ಲಕ್ಷಗಟ್ಟಲೆ ಜನ ಸೇರಿದ್ದರು’ ಎಂದು ಹೇಳಿ ಮರ್ಯಾದೆ ಉಳಿಸಿಕೊಂಡವರು ಇಡೀ ಕಾಪುವಿನಲ್ಲಿ ಒಬ್ಬರೂ ಇರಲಿಲ್ಲ! ಉತ್ಪ್ರೇಕ್ಷೆ ಎನ್ನುತ್ತೀರಾ? ನೆರೆಮನೆಯ ಹೆಂಗಸಿನ ಪಾಡು ಕೇಳಿ. ಕಾರ್ಕಳದಲ್ಲಿ ಮದುವೆಯೂಟ ಉಂಡು ಬಂದ ಆಕೆ ನಮ್ಮ ಜಗಲಿಯಲ್ಲಿ ಕುಳಿತು, “ಅಬ್ಬಾ, ಸಾವಿರಾರು ಜನ ಟೀಚರೇ!” ಎಂದರು.

“ಸಾವಿರದ ಆರಾ, ಆರು ಸಾವಿರವಾ?” ಅತ್ತೆ ಕೇಳಿದರು. “ಆ ಆರು ಯಾವ ಸ್ಥಾನದಲ್ಲಿ ಉಂಟು, ಸರಿಯಾಗಿ ಹೇಳಿ.”

ಪಾಪ, ಹೋಳಿಗೆಯ ರುಚಿ ವರ್ಣಿಸಲು ಬಂದಿದ್ದ ಆಕೆ ಎಲೆಯಡಿಕೆಯನ್ನೂ ಮುಟ್ಟದೆ ಎದ್ದು ಹೋದರು.

ಅತ್ತೆ ಕಾಪುವಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರು. ಮಾವನಿಗೆ ಬಹರೈನಿನಲ್ಲಿ ವಯರಿಂಗ್ ಕೆಲಸ. ಮದುವೆಯಾದ ವರ್ಷದ ಮಳೆಗಾಲ ಮುಗಿಯುವ ಮೊದಲೇ ವಿಮಾನ ಹತ್ತಿದವರು, ಆಮೇಲೆ ಬಂದದ್ದೆಲ್ಲ ನೆಂಟರ ಹಾಗೆ. ಪೆಟ್ಟಿಗೆ ಬಿಚ್ಚುವುದರೊಳಗೆ ಕಟ್ಟುವ ದಿನ ಬಂದಿರುತ್ತಿತ್ತು. ಅತ್ತೆ ಒಬ್ಬರೇ ಆಗುತ್ತಾರೆಂದು ಶಿರ್ವದ ನಮ್ಮ ಮನೆಯಿಂದ ನನ್ನನ್ನು ಅಲ್ಲಿಗೆ ಕಳುಹಿಸಿದರು. ನಾನಾಗ ಮೂರನೆಯ ತರಗತಿ. ಶಾಲೆಯಲ್ಲಿಯೂ ಅದೇ ಟೀಚರು, ಮನೆಯಲ್ಲಿಯೂ ಅದೇ ಟೀಚರು! ಇಂಥ ಜಾತಕ ಯಾವ ಮಗುವಿಗೂ ಬೇಡ.

ನನ್ನ ಕಷ್ಟ ಶುರುವಾದದ್ದು ‘ಒಂದು ಲಕ್ಷದ ಐದು’ ಎಂಬ ಸಂಖ್ಯೆಯಿಂದ. ಬರೆ ಎಂದರು. ಬರೆದೆ. ಒಂದು ಲಕ್ಷವನ್ನು ಸೊನ್ನೆಗಳ ಸಮೇತ ಪೂರ್ತಿ ಬರೆದು, ಅದರ ಬೆನ್ನಿಗೆ ಐದನ್ನು ಅಂಟಿಸಿದೆ. ಲಕ್ಷವೂ ಉಂಟು, ಐದೂ ಉಂಟು, ಇನ್ನೆಂತ ಬೇಕು?

“ಇದು ಹತ್ತು ಲಕ್ಷದ ಐದು ಆಯಿತಲ್ಲ ಮಾರಾಯ್ತಿ!” ಅತ್ತೆ ಹಣೆ ಬಡಿದುಕೊಂಡರು. “ನೋಡು, ಬಸ್ಸಿನಲ್ಲಿ ಒಂದು ಸಾಲಿಗೆ ಆರು ಸೀಟು ಅಂತ ಇಟ್ಟುಕೋ. ಎಡತುದಿಯಲ್ಲಿ ಒಂದು ಕೂತಿದೆ. ಉಳಿದ ಸೀಟುಗಳಲ್ಲಿ ಸೊನ್ನೆಗಳು. ಈಗ ಐದು ಹತ್ತಿತು. ಅದಕ್ಕೋಸ್ಕರ ಬಸ್ಸು ಉದ್ದ ಆಗ್ತದಾ?”

“ಇಲ್ಲ.”

“ಮತ್ತೆ? ಬಲತುದಿಯ ಸೊನ್ನೆ ಎದ್ದು ಅದಕ್ಕೆ ಸೀಟು ಬಿಡಬೇಕು.”

ನನಗೆ ಸೊನ್ನೆಯ ಮೇಲೆ ಕನಿಕರ ಬಂತು. “ಸೊನ್ನೆ ಎಲ್ಲಿಗೆ ಹೋಗುತ್ತದೆ ಅತ್ತೆ?”

“ಅದು ಉಚ್ಚಿಲದಲ್ಲಿ ಇಳಿಯುತ್ತದೆ! ನೀನು ಮೊದಲು ಸರಿ ಬರೆ!”

ಶಾಲೆಯಲ್ಲಿ ಇದಕ್ಕಿಂತ ದೊಡ್ಡ ನಾಟಕ. ಜಗಲಿಯ ಮೇಲೆ ಸೀಮೆಸುಣ್ಣದಿಂದ ಚೌಕ ಬರೆದು, ಬಿಡಿ, ಹತ್ತು, ನೂರು, ಸಾವಿರ ಎಂದು ಲಕ್ಷದವರೆಗೆ ಹೆಸರಿಟ್ಟು, ಒಂದೊಂದರಲ್ಲಿ ಒಬ್ಬೊಬ್ಬರನ್ನು ಸ್ಲೇಟು ಹಿಡಿಸಿ ನಿಲ್ಲಿಸುತ್ತಿದ್ದರು. ಒಮ್ಮೆ ಅಕ್ಕಿ ಗಿರಣಿಯ ಧನಿಯ ಮಗ ಒಂಬತ್ತು ಹಿಡಿದು ಬಿಡಿ ಸ್ಥಾನದಲ್ಲಿ ನಿಂತ. ಸುದ್ದಿ ಮನೆ ಮುಟ್ಟಿತು. ಮರುದಿನ ಧನಿಯೇ ಬಂದರು.

“ಎಂತ ಟೀಚರೇ, ನನ್ನ ಮಗನನ್ನು ಕೊನೆಗೆ ನಿಲ್ಲಿಸಿದ್ದೀರಂತೆ? ನಮ್ಮ ಕೆಲಸದವನ ಮಗ ಸಾವಿರದಲ್ಲಿ ನಿಂತಿದ್ದಾನಂತೆ?”

“ಅಯ್ಯೋ, ಅದಕ್ಕೇನಂತೆ? ಇವತ್ತು ಲಕ್ಷದಲ್ಲೇ ನಿಲ್ಲಿಸುವ” ಎಂದರು ಅತ್ತೆ. ಧನಿಯ ಕಣ್ಣೆದುರಿಗೇ ಹುಡುಗನನ್ನು ಎಡತುದಿಗೆ ಒಯ್ದು ನಿಲ್ಲಿಸಿ, ಕೈಗೆ ಸೊನ್ನೆಯ ಸ್ಲೇಟು ಕೊಟ್ಟರು. ಧನಿ ಎದೆಯುಬ್ಬಿಸಿ ಹೊರಟುಹೋದರು. ಎಲ್ಲರಿಗಿಂತ ಎಡಗಡೆ ನಿಂತ ಸೊನ್ನೆಗೆ ಎಷ್ಟು ಬೆಲೆ ಎಂದು ಅವರು ಕೇಳಲಿಲ್ಲ, ಅತ್ತೆ ಹೇಳಲಿಲ್ಲ!

ಇನ್ನೊಂದು ವರ್ಷ ಅತ್ತೆಗೆ ನಮಗೆಲ್ಲ ಒಂದು ಲಕ್ಷವನ್ನು ಕಣ್ಣಾರೆ ತೋರಿಸುವ ಹುಚ್ಚು ಹಿಡಿಯಿತು. ಮನೆಮನೆಯಿಂದ ಹುಣಸೆಬೀಜ ತರಬೇಕು. ಹತ್ತು ಬೀಜಕ್ಕೆ ಒಂದು ಪೊಟ್ಟಣ, ಹತ್ತು ಪೊಟ್ಟಣ ಸೇರಿದರೆ ಒಂದು ಕರಟ, ಹತ್ತು ಕರಟ ತುಂಬಿದರೆ ಒಂದು ಡಬ್ಬ. ಕಾಪುವಿನಲ್ಲಿ ಅಷ್ಟೊಂದು ಹುಳಿ ಸಾರು ಹಿಂದೆಂದೂ ಆಗಿರಲಿಕ್ಕಿಲ್ಲ! ಡಬ್ಬಗಳು ಒಂದೊಂದಾಗಿ ಕಪಾಟು ಸೇರತೊಡಗಿದವು. ಒಂದು ಬೆಳಿಗ್ಗೆ ನೋಡಿದರೆ ಒಂದು ಡಬ್ಬ ಖಾಲಿ. ಏಳನೆಯ ತರಗತಿಯವರು ಇಡೀ ಸಾವಿರವನ್ನು ಶಾಲೆಯ ಮಕ್ಕಳಿಗೆ ಉಪ್ಪಿಟ್ಟು ಬೇಯಿಸುವ ಒಲೆಯಲ್ಲಿ ಹುರಿದು ತಿಂದುಬಿಟ್ಟಿದ್ದರು! ನಾವು ಗೋಳೋ ಎಂದು ಅತ್ತೆವು. ಅತ್ತೆ ಕನ್ನಡಕ ಒರೆಸಿಕೊಂಡು ಹೇಳಿದರು: “ಅಳುವುದು ಎಂತಕ್ಕೆ? ಸ್ಲೇಟು ತೆಗೆಯಿರಿ. ಕಳೆಯುವ ಲೆಕ್ಕ ಮುಂದಿನ ವಾರಕ್ಕಿತ್ತು, ಇವತ್ತೇ ಮಾಡುವ.”

ನಾನು ಹೈಸ್ಕೂಲು ಸೇರಿದ ವರ್ಷ. ಮಾವನಿಗೆ ಈ ಸಲ ಉದ್ದದ ರಜೆ ಖಂಡಿತ ಎಂದು ಬಹರೈನಿನಿಂದ ಊರಿಗೆ ಬಂದವರೊಬ್ಬರು ಹೇಳಿಹೋಗಿದ್ದರು. ಅತ್ತೆ ಕಪಾಟಿನಿಂದ ಮಾವನ ಅಂಗಿಗಳನ್ನು ತೆಗೆದು ಬಿಸಿಲಿಗೆ ಹಾಕಿ ಮಡಚಿಟ್ಟರು. ಸಮುದ್ರದ ಗಾಳಿ, ಮುಗ್ಗಲು ಹಿಡಿಯುತ್ತದೆ ಎಂದು ವಾರ ಕಳೆಯುವಷ್ಟರಲ್ಲಿ ಮತ್ತೆ ತೆಗೆದು ಮತ್ತೆ ಹಾಕಿದರು. ಹಾಕಿಕೊಳ್ಳುವವರಿಲ್ಲದ ಅಂಗಿಗಳು ನಮ್ಮ ಅಂಗಳದಲ್ಲಿ ಕೈ ಬೀಸುತ್ತಲೇ ಇದ್ದವು. ಕೊನೆಗೆ, ಬರುವ ದಿನ ಯಾವುದೆಂದು ತಾನೇ ಕೇಳಿಬಿಡುತ್ತೇನೆಂದು ನನ್ನನ್ನೂ ಕರೆದುಕೊಂಡು ಉಡುಪಿಗೆ ಹೊರಟರು. ಬಹರೈನಿಗೆ ಟ್ರಂಕ್‌ಕಾಲ್ ಮಾಡಲು!

“ನಂಬರು ಹೇಳಿ” ಎಂದರು ಟೆಲಿಫೋನ್ ಆಫೀಸಿನ ಕೌಂಟರಿನವರು.

“ಎರಡು ಲಕ್ಷದ ಐವತ್ತಮೂರು ಸಾವಿರದ…”

“ಅಮ್ಮಾ, ನಿಮಗೆ ಬೇಕಾದದ್ದು ಫೋನಾ, ಲಾಟರಿಯಾ? ಒಂದೊಂದೇ ಅಂಕೆ ಹೇಳಿ.”

“ಒಂದೊಂದೇ ಹೇಳಿದರೆ ಅದರ ಬೆಲೆ ಹೇಗೆ ಗೊತ್ತಾಗ್ತದೆ?”

“ಫೋನಿನ ನಂಬರಿಗೆ ಬೆಲೆ ಇಲ್ಲಮ್ಮಾ!”

ಅತ್ತೆ ಜೀವನದಲ್ಲಿ ಮೊದಲ ಸಲ ಲೆಕ್ಕದಲ್ಲಿ ಸೋತು, ಅಂಕೆಗಳನ್ನು ಬಿಡಿಬಿಡಿಯಾಗಿ ಹೇಳಿದರು. ಕಾದೆವು. ಮಧ್ಯಾಹ್ನ ಕಳೆದು ಬಿಸಿಲು ಓರೆಯಾದ ಮೇಲೆ ಲೈನು ಸಿಕ್ಕಿತು. ಗಾಜಿನ ಬಾಗಿಲಿನ ಒಳಗೆ ಅತ್ತೆ, ಹೊರಗೆ ನಾನು. ಮೊದಲು ಬಹರೈನಿಗೆ ನೇರವಾಗಿ ಕೇಳುವಷ್ಟು ಜೋರಾಗಿ ಕೂಗಿದರು. “ಹಲೋ! ಕೇಳ್ತಾ ಉಂಟು! ಹೇಳಿ!” ಆಮೇಲೆ ಸ್ವರ ಇಳಿಯಿತು. “ಹೌದಾ… ಸರಿ… ಪರವಾಗಿಲ್ಲ… ಊಟ ಹೊತ್ತಿಗೆ ಸರಿಯಾಗಿ ಮಾಡ್ತೀರಲ್ಲ?” ಒಂದು ಕೈ ತಾನಾಗಿಯೇ ತುರುಬಿಗೆ ಹೋಯಿತು. ಬಹಳ ಮೆತ್ತಗೆ “ಹೂಂ, ಹೌದು” ಎಂದರು. ಲೈನು ಕಡಿಯಿತು.

ಬಸ್‌ಸ್ಟ್ಯಾಂಡಿಗೆ ನಡೆದೆವು. ಅಲ್ಲಿ ಹೂವಿನವಳ ಮುಂದೆ ನಿಂತು ಮಲ್ಲಿಗೆ ತೆಗೆದುಕೊಂಡರು. ಅವಸರ ಅವಸರವಾಗಿ ಅಲ್ಲೇ ಮುಡಿದುಕೊಂಡರು. ಮಾವ ಊರಲ್ಲಿಲ್ಲದಾಗ ಅತ್ತೆ ಮಲ್ಲಿಗೆ ಮುಡಿದದ್ದನ್ನು ನಾನು ಕಂಡೇ ಇರಲಿಲ್ಲ.

“ಮಾವ ಬರ್ತಾರಾ ಅತ್ತೆ?”

“ಇಲ್ಲ ಮಗಾ. ರಜೆ ಸಿಗಲಿಲ್ಲವಂತೆ. ಈ ವರ್ಷವೂ ಇಲ್ಲ.”

“ಮತ್ತೆ ಈ ಹೂ?”

ಅತ್ತೆ ಸೆರಗು ಸರಿಮಾಡಿಕೊಳ್ಳುತ್ತ ಬೇರೆಲ್ಲೋ ನೋಡಿದರು. “ಮಲ್ಲಿಗೆ ಮುಡಿದಿದ್ದೀಯಾ ಅಂತ ಕೇಳಿದರು. ಹೌದು ಅಂದುಬಿಟ್ಟೆ. ಅಷ್ಟು ದೂರದಲ್ಲಿ ಇರುವವರಿಗೆ ಸುಳ್ಳು ಹೇಳಿದ ಹಾಗೆ ಆಗಬಾರದಲ್ಲ?”

ಕಾಪುವಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಗಾಳಿ ಜೋರಾಗಿತ್ತು. ಊರು ಬರುವವರೆಗೂ ಅತ್ತೆ ಹೂವಿನ ಮೇಲಿಟ್ಟ ಕೈ ತೆಗೆಯಲಿಲ್ಲ.