ಗಿಲಕಿಗೆ ಕೊನೆಯ ಪರೀಕ್ಷೆ

ಮೂವತ್ತೆರಡು ವರ್ಷ ಕಾರ್ಖಾನೆಯೊಂದರ ಗುಣಮಟ್ಟ ಪರೀಕ್ಷಾ ವಿಭಾಗದಲ್ಲಿ ಕೂತು ಲಕ್ಷಾಂತರ ಬೋಲ್ಟುಗಳ ಹಣೆಬರಹ ಬರೆದ ರಾಮಪ್ರಸಾದರನ್ನು ಸ್ವಂತ ಮಗಳೇ ಫೇಲ್ ಮಾಡಿದ್ದಳು. ಅದೂ ಒಂದು ಗೊಂಬೆ ಕರಡಿಯ ದೆಸೆಯಿಂದ.

ಕರಡಿ ಅವರೇ ತಂದದ್ದು. ಹೊಟ್ಟೆ ಒತ್ತಿದರೆ ಹಾಡುತ್ತಿತ್ತು. ಹನ್ನೊಂದು ತಿಂಗಳ ಮೊಮ್ಮಗಳು ಇಂಚರ ಅದಕ್ಕೆ ಹಾಡಲು ಅವಕಾಶವನ್ನೇ ಕೊಡದೆ, ಎರಡು ನಿಮಿಷದಲ್ಲಿ ಅದರ ಎಡಗಣ್ಣು ಕಿತ್ತು ಕೆನ್ನೆಯೊಳಗೆ ಇಟ್ಟುಕೊಂಡಳು. ಮಗಳು ಧೃತಿ ಬೆರಳು ಹಾಕಿ ತೆಗೆದದ್ದರಿಂದ ಸರಿಹೋಯಿತು. ಆ ಕಣ್ಣನ್ನು ಅಂಗೈಯಲ್ಲಿ ಹಿಡಿದು ಅವಳು ಅಪ್ಪನನ್ನು ನೋಡಿದ ನೋಟವನ್ನು ರಾಮಪ್ರಸಾದರು ಈ ಜನ್ಮದಲ್ಲಿ ಮರೆಯುವಂತಿರಲಿಲ್ಲ.

ಬರುವ ಸೋಮವಾರ ಧೃತಿಯ ರಜೆ ಮುಗಿಯುತ್ತಿತ್ತು. ಅರೆಕೆರೆಯ ಮನೆಯಿಂದ ಆಫೀಸಿಗೆ ಹೋಗುವಾಗ ಮಗುವನ್ನು ಜಯನಗರದಲ್ಲಿ ಅಜ್ಜಿ ತಾತನ ಬಳಿ ಬಿಡುವುದೆಂದು ಮಾತಾಗಿತ್ತು. ಈಗ ಆ ಮಾತೇ ಅಲ್ಲಾಡತೊಡಗಿತು.

"ನಮ್ಮನೆ ಹತ್ರಾನೇ ಒಂದ್ ಡೇಕೇರ್ ಇದೆ ಅಪ್ಪ. ಅಲ್ಲಿ ಎಲ್ಲಾ ನೋಡಿ ಕೊಡ್ತಾರೆ," ಎಂದಳು ಧೃತಿ.

"ನಾನೇನು ನೋಡ್ದೆ ಕೊಟ್ನಾ?"

"ನೋಡಿದ್ರಿ. ಎಳೆದು ನೋಡ್ಲಿಲ್ಲ. ಒಂದ್ ಕೆಲ್ಸ ಮಾಡಿ. ಶನಿವಾರದೊಳ್ಗೆ ಒಂದೇ ಒಂದ್ ಸೇಫ್ ಆಟದ ಸಾಮಾನು ಆರಿಸ್ಕೊಂಡ್ ಬನ್ನಿ. ಅದು ಸರಿ ಇದ್ರೆ ಮಗು ಇಲ್ಲೇ. ಇಲ್ದಿದ್ರೆ ಡೇಕೇರು."

ಮಗು ದಿನವಿಡೀ ಮನೆಯಲ್ಲಿರುತ್ತದೆಂದು ಅವರು ಆಗಲೇ ಪೇಪರು ಓದುವ ಹೊತ್ತನ್ನೂ ಬದಲಾಯಿಸಿಕೊಂಡಿದ್ದರು. ಮಗು ಬರದಿದ್ದರೆ ಅಷ್ಟುದ್ದದ ದಿನವನ್ನು ಏನು ಮಾಡುವುದೆಂದು ಅವರಿಗೆ ನಿಜಕ್ಕೂ ತಿಳಿಯದು.

ಆಟಿಕೆಗಳ ಸುರಕ್ಷತೆಯ ಬಗ್ಗೆ ಎರಡು ದಿನ ಓದಿ, ಮೂರನೆಯ ದಿನ ನಾಲ್ಕನೇ ಬ್ಲಾಕಿನ ಆಟಿಕೆ ಅಂಗಡಿಗೆ ಅವರ ದಂಡಯಾತ್ರೆ ಹೊರಟಿತು. ಕೈಯಲ್ಲಿ ಟಿಶ್ಯೂ ರೋಲಿನ ಒಳಗಿನ ರಟ್ಟಿನ ಕೊಳವೆ. (ಅದರೊಳಗೆ ತೂರುವ ವಸ್ತು ಮಗುವಿನ ಗಂಟಲಿಗೂ ಸಿಕ್ಕಿಕೊಳ್ಳಬಹುದೆಂಬುದು ಆ ಎರಡು ದಿನದ ವಿದ್ಯಾಭ್ಯಾಸದ ಸಾರ.) ಕಾರಿನ ಚಕ್ರ ಎಳೆದರು. ಬಾತುಕೋಳಿಯ ಕೊಕ್ಕು ತಿರುಚಿದರು. ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇಲ್ಲದ್ದನ್ನೆಲ್ಲ ಪಕ್ಕಕ್ಕೆ ಸರಿಸಿದರು. ಉದ್ದ ದಾರದ್ದನ್ನು ಮುಟ್ಟಲೇ ಇಲ್ಲ.

ಅಂಗಡಿಯ ರೇಖಾ ಮೊದಮೊದಲು ನಗುತ್ತಿದ್ದಳು. ಗಂಟೆ ಕಳೆದ ಮೇಲೆ ಕೇಳಿದಳು: "ಅಂಕಲ್, ನೀವು ತಗೊಳ್ಳೋಕ್ ಬಂದಿದೀರಾ, ಇಲ್ಲಾ ರೇಡ್ ಮಾಡೋಕ್ ಬಂದಿದೀರಾ?"

"ಮೊಮ್ಮಗಳಿಗಮ್ಮ," ಎಂದರು ರಾಮಪ್ರಸಾದರು. ಅವರ ದನಿ ಕೇಳಿ ಅವಳು ಮೆತ್ತಗಾಗಿ, ಒಳಗಿನಿಂದ ಚನ್ನಪಟ್ಟಣದ ಮರದ ಗಿಲಕಿಯೊಂದನ್ನು ತಂದುಕೊಟ್ಟಳು. ಅಂಟಿಸಿದ ಭಾಗವಿಲ್ಲ, ಚೂಪು ಮೂಲೆಯಿಲ್ಲ, ಕೊಳವೆಯ ಬಾಯಿಗೆ ಹಿಡಿಸುವುದೂ ಇಲ್ಲ. ರಾಮಪ್ರಸಾದರಿಗೆ ಕಣ್ಣು ತುಂಬಿ ಬಂತು.

ಶನಿವಾರ ಧೃತಿ ಮಗುವನ್ನು ತಂದು ತಾತನ ಮುಂದೆ ಕೂರಿಸಿ, ಅಮ್ಮ ಪಂಕಜಾಳೊಂದಿಗೆ ಮಾತಾಡಲು ಅಡುಗೆಮನೆಗೆ ಹೋದಳು. ಚಾಪೆಯ ಮೇಲೆ ತಾತ, ಮೊಮ್ಮಗಳು, ನಡುವೆ ಗಿಲಕಿ.

ಇಂಚರ ಅದನ್ನು ಎತ್ತಿಕೊಂಡಳು. ತಿರುಗಿಸಿ ನೋಡಿದಳು, ಕುಲುಕಿದಳು, ನೆಲಕ್ಕೆ ಮೂರು ಸಲ ಬಡಿದಳು. ದೂರ ಎಸೆದು, ಅಂಬೆಗಾಲಿಟ್ಟು ಹೋಗಿ ತಂದು, ಮತ್ತೆ ಮೊದಲಿನಿಂದ ಶುರು ಮಾಡಿದಳು. ರಾಮಪ್ರಸಾದರು ಬೆರಗಾಗಿ ಕೂತರು. ಅವರು ಹತ್ತು ವರ್ಷ ಬೈಸಿಕೊಂಡು ಕಲಿತ ಕ್ರಮ ಇದೇ. ಯಾರು ಹೇಳಿಕೊಟ್ಟರು ಈ ಕೂಸಿಗೆ? ಆ ಪುಟ್ಟ ಹಣೆ ಗಂಟಿಕ್ಕಿದ್ದನ್ನು ಕಂಡು, ತಮ್ಮ ವಿಭಾಗದಲ್ಲಿ ಇಂಥ ಒಬ್ಬರಿದ್ದರೆ ಸಾಕಿತ್ತು ಅನ್ನಿಸಿತು.

ಆದರೆ ಅವಳು ಕಚ್ಚಿ ನೋಡಲಿಲ್ಲ. ಇರುವುದು ಎರಡೇ ಹಲ್ಲು, ಅವೂ ಈಗಷ್ಟೇ ಇಣುಕಿದಂಥವು. ನಾಳೆ ಇನ್ನಷ್ಟು ಬಂದಾಗ ಬಣ್ಣ ಕಿತ್ತುಬಂದರೆ? ಕರ್ತವ್ಯಪ್ರಜ್ಞೆ ಜಾಗೃತವಾಗಿ, ರಾಮಪ್ರಸಾದರು ಗಿಲಕಿಯನ್ನು ಪಂಚೆಯಲ್ಲಿ ಒರೆಸಿ, ಬಾಯಿಗಿಟ್ಟು, ಬಲವಾಗಿ ಕಚ್ಚಿದರು.

ಟಕ್ ಎಂದಿತು.

ಗಿಲಕಿಗೆ ಏನೂ ಆಗಿರಲಿಲ್ಲ. ಚಾಪೆಯ ಮೇಲೆ ಬಿದ್ದದ್ದು ರಾಮಪ್ರಸಾದರ ಮುಂದಿನ ಹಲ್ಲು. (ಕಟ್ಟಿಸಿದ್ದು. ಕೋಡುಬಳೆ ಕಡಿಯಬೇಡಿ ಎಂದು ಡಾಕ್ಟರು ಹೇಳಿದ್ದರು, ಗಿಲಕಿಯ ಮಾತೆತ್ತಿರಲಿಲ್ಲ.) ವಾರವಿಡೀ ಗುಡಿಸಿ, ಹುಡುಕಿ, ಶುದ್ಧಮಾಡಿದ ಆ ಮನೆಯಲ್ಲಿ ಮಗು ನುಂಗಬಹುದಾದ ಸಣ್ಣ ವಸ್ತು ಅದೊಂದೇ, ಅದು ಬಂದದ್ದು ತಾತನ ಬಾಯಿಂದ. ಅವರು ಬಗ್ಗುವಷ್ಟರಲ್ಲಿ ಇಂಚರ ಅದನ್ನು ಎರಡು ಬೆರಳಿನ ನಡುವೆ ಹಿಡಿದಾಗಿತ್ತು.

ಅವರು ತಟ್ಟನೆ ಅವಳ ಮಣಿಕಟ್ಟು ಹಿಡಿದುಕೊಂಡು, "ಕೊಡು ಪುಟ್ಟಿ, ತಾತಂಗೆ ಕೊಡು," ಎಂದರು. ಹಲ್ಲು ಹೋದ ಸಂದಿಯಲ್ಲಿ ಮಾತಿಗಿಂತ ಗಾಳಿಯೇ ಹೆಚ್ಚು ಬಂತು. ಇಂಚರ ಹಲ್ಲನ್ನು ನೋಡಿದಳು. ತಾತನ ತೆರೆದ ಬಾಯಿಯನ್ನು ನೋಡಿದಳು. ಆಮೇಲೆ ಮಂಡಿಯ ಮೇಲೆದ್ದು, ತಾತ ಹಿಡಿದಿದ್ದ ಕೈಯ ಸಮೇತ ಮುಂದೆ ಬಾಗಿ, ಹಲ್ಲನ್ನು ತಾತನ ತುಟಿಗಳ ನಡುವೆ ತುರುಕಿದಳು. ಸರಿಯಾಗಿ ಕೂರಲಿಲ್ಲವೆಂದು ಅಂಗೈಯಿಂದ ಎರಡು ಸಲ ತಟ್ಟಿದಳು.

ಇನ್ನೂ ಮಾತು ಬಾರದ ಕೂಸಿಗೆ ಯಾವುದು ಎಲ್ಲಿರಬೇಕೆಂದು ಗೊತ್ತಿತ್ತು. ಗರ್ಭಗುಡಿಯ ಮುಂದೆ ನಿಂತಾಗಲೂ ರಾಮಪ್ರಸಾದರಿಗೆ ಇಷ್ಟು ಬೆರಗಾದದ್ದಿಲ್ಲ.

ತಲೆಯೆತ್ತಿದರೆ ಬಾಗಿಲಲ್ಲಿ ಧೃತಿ. ಎಲ್ಲ ನೋಡಿದ್ದಾಳೆಂದು ಮುಖವೇ ಹೇಳುತ್ತಿತ್ತು. ಅವಳ ಹಿಂದಿನಿಂದ ಪಂಕಜಾ ಕತ್ತು ಚಾಚಿ, "ಏನ್ರೀ ಅದು ಬಾಯಲ್ಲಿ?" ಎಂದಳು. ರಾಮಪ್ರಸಾದರು ಅಂಗೈಯಿಂದ ಬಾಯಿ ಮುಚ್ಚಿಕೊಂಡರು.

"ಸೋಮವಾರದಿಂದ ನಾನ್ ಆಫೀಸಿಗೆ ಹೋಗ್ತೀನಮ್ಮ," ಎಂದಳು ಧೃತಿ. "ಡೇಕೇರ್ ಬೇಡ, ಇಂಚರನ್ನ ಇಲ್ಲೇ ಬಿಟ್ಟು ಹೋಗ್ತೀನಿ. ಅಪ್ಪನ್ನ ನೋಡ್ಕೊಳ್ಳೋಕೆ ಯಾರಾದ್ರೂ ಬೇಕಲ್ಲ."