ನಡುಗೆರೆಯಲ್ಲಿ ಎರಡು ಕಡ್ಡಿಯ ಪ್ಲಗ್ಗು

ನಾನು ನೀರಿಗೆ ಹೆದರುವವನು. ಇದು ನನ್ನ ಹೆಂಡತಿಗೆ ಗೊತ್ತು, ಡಂಬಳದಲ್ಲಿರುವ ನಮ್ಮಕ್ಕನಿಗೆ ಗೊತ್ತು. ಮಿಕ್ಕವರಿಂದ ಇಷ್ಟು ವರ್ಷ ಮುಚ್ಚಿಟ್ಟುಕೊಂಡು ಬಂದಿದ್ದೇನೆ, ಏಕೆಂದರೆ ನನ್ನ ಹೊಟ್ಟೆಪಾಡು ನಡೆಯುವುದೇ ನೀರಿನಿಂದ. ಬೆಟಗೇರಿಯಲ್ಲಿ ನನ್ನದೊಂದು ಮೋಟರ್ ರಿವೈಂಡಿಂಗ್ ಅಂಗಡಿ ಇದೆ. ಸುಟ್ಟುಹೋದ ಬೋರ್‌ವೆಲ್ ಮೋಟರುಗಳು ಹರ್ತಿಯಿಂದ, ಶಿರಹಟ್ಟಿಯಿಂದ, ಲಕ್ಷ್ಮೇಶ್ವರದ ಕಡೆಯಿಂದ ಟಂಟಂ ಗಾಡಿ ಏರಿ ಬರುತ್ತವೆ. ನಾನು ಅವುಗಳ ಹಳೆಯ ತಂತಿ ಕಿತ್ತು ಹೊಸ ತಂತಿ ಸುತ್ತಿ ಕಳಿಸುತ್ತೇನೆ. ನಾನು ಸುತ್ತಿದ ಮೋಟರುಗಳು ಭೂಮಿಯ ಹೊಟ್ಟೆಯೊಳಗೆ, ಕತ್ತಲೆಯಲ್ಲಿ, ತಲೆಯ ಮೇಲೆ ನೀರು ಹೊತ್ತು ವರ್ಷಗಟ್ಟಲೆ ದುಡಿಯುತ್ತವೆ. ಅವುಗಳನ್ನು ಸುತ್ತಿದ ನಾನು ಮಾತ್ರ ಮೊಣಕಾಲಿನ ಮೇಲೆ ನೀರು ಬಂದರೆ ದೇವರನ್ನು ನೆನೆಯುತ್ತೇನೆ. ಕರೆಂಟಿನ ವಿಷಯದಲ್ಲಿ ಹಾಗಿಲ್ಲ. ಮೂರು ಫೇಜಿನ ಬೋರ್ಡಿನ ಕೆಳಗೆ ಕುಳಿತು ನಿಶ್ಚಿಂತೆಯಿಂದ ಚಹಾ ಕುಡಿಯುವವನು ನಾನು. ಕರೆಂಟು ತನ್ನ ತಂತಿ ಬಿಟ್ಟು ಸುಮ್ಮನೆ ಆಚೆ ಬರುವುದಿಲ್ಲ, ಅದಕ್ಕೊಂದು ರೀತಿ ರಿವಾಜು ಇದೆ. ನೀರಿಗೆ ಅದು ಇಲ್ಲ. ಚಿಕ್ಕವನಿದ್ದಾಗ ಅವ್ವ ಕೊಡ ಹಿಡಿದು ಬಾವಿಯ ಕಡೆ ಹೊರಟರೆ ನಾನು ಸೆರಗು ಹಿಡಿದು ಹಿಂದಕ್ಕೆ ಎಳೆಯುತ್ತಿದ್ದೆನಂತೆ. ಈ ಕಥೆಯನ್ನು ಅಕ್ಕ ಇನ್ನೂ ಮರೆತಿಲ್ಲ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಮೋಟರು ಇಳಿಸಿ, ಕೇಬಲ್ ಜೋಡಿಸಿ, ಎಲ್ಲ ಮುಗಿದ ಮೇಲೆ ಮೊದಲ ಸಲ ಬಟನ್ ಒತ್ತುವವನು ಹೊಲದ ಯಜಮಾನನಲ್ಲ, ಕೆಲಸ ಮಾಡಿದವನು. ಯಜಮಾನ ಹತ್ತು ಹೆಜ್ಜೆ ದೂರ ನಿಂತು ತೆಂಗಿನಕಾಯಿ ಹಿಡಿದುಕೊಂಡಿರುತ್ತಾನೆ. ನಾವು ಒತ್ತುತ್ತೇವೆ, ಪೈಪಿನಲ್ಲಿ ಮೊದಲು ಗಾಳಿ ಕೆಮ್ಮಿ ಆಮೇಲೆ ನೀರು ಬರುತ್ತದೆ, ಆಗ ಅವನು ಹತ್ತಿರ ಬಂದು ಕಾಯಿ ಒಡೆಯುತ್ತಾನೆ. ಏನಾದರೂ ಹೆಚ್ಚುಕಮ್ಮಿಯಾದರೆ ಹಚ್ಚಿದವನಿಗೇ ಆಗಲಿ ಎನ್ನುವ ಹಿರಿಯರ ಲೆಕ್ಕಾಚಾರ ಇದು. ನಾನು ಇದನ್ನು ನನ್ನ ದೊಡ್ಡಸ್ತಿಕೆ ಮಾಡಿಕೊಂಡು ‘ಮೊದಲ ಬಟನ್ ನಮ್ಮದೇ’ ಎಂದು ಅಂಗಡಿಯ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ದೇನೆ. ಗಿರಾಕಿಗಳು ಅದನ್ನು ಓದಿ ತಲೆಯಾಡಿಸುವುದನ್ನು ನೋಡಲು ನನಗೆ ಬಹಳ ಹಿತವೆನಿಸುತ್ತಿತ್ತು.

ಅಕ್ಕನ ಗಂಡ ಫಕ್ಕೀರಪ್ಪ ಮಾಮಾ ಡಂಬಳದ ಕೆರೆಯಲ್ಲಿ ಮೀನು ಹಿಡಿಯುವವರು. ಸಂಜೆ ಬಲೆ ಬಿಟ್ಟು ಬಂದು ಬೆಳಗಾಗುತ್ತಲೇ ಎತ್ತಿ ತರುವುದು ಅವರ ಕೆಲಸ. ಮೊದಲು ಹರಗೋಲು ಇತ್ತು, ಈಗ ಸಣ್ಣದೊಂದು ಫೈಬರ್ ದೋಣಿ ಇದೆ. ಹೋದ ವರ್ಷ ಅವರ ಬಲಭುಜ ಹಿಡಿದುಕೊಂಡಿತು. ಅಂಗಿ ತೊಡಲೂ ಅಕ್ಕನ ಸಹಾಯ ಬೇಕಾಯಿತು. ಹುಟ್ಟು ಹಾಕುವ ಮಾತಂತೂ ದೂರ ಉಳಿಯಿತು. ದೋಣಿ ದಡದಲ್ಲಿ ಬೋರಲು ಬಿತ್ತು, ಮಾಮಾ ಕಟ್ಟೆಯ ಮೇಲೆ ಕುಳಿತು ಹರಿಯದ ಬಲೆಗೂ ಗಂಟು ಹಾಕತೊಡಗಿದರು. ಹೀಗಿರುವಾಗ ಮೊಬೈಲಿನಲ್ಲಿ ಯಾವುದೋ ದೇಶದವನು ದೋಣಿಯ ಹಿಂದೆ ಸಣ್ಣದೊಂದು ಬ್ಯಾಟರಿ ಮೋಟರು ಸಿಕ್ಕಿಸಿಕೊಂಡು, ಒಂದೇ ಕೈಯಲ್ಲಿ ಹಿಡಿಕೆ ತಿರುವುತ್ತ ಸದ್ದಿಲ್ಲದೆ ಹೋಗುವುದನ್ನು ನೋಡಿದರು. ಒಂದೇ ಕೈ ಎನ್ನುವುದೇ ಅವರಿಗೆ ಸಾಕಾಯಿತು. ತರಿಸಿಯೂ ಬಿಟ್ಟರು. ಪೆಟ್ಟಿಗೆ ಬಿಚ್ಚಿದ ಮೇಲೆ ನನಗೆ ಫೋನು ಬಂತು. ಮೋಟರಿನ ಭಾಷೆ ನಿನಗೇ ಗೊತ್ತು, ಬಂದು ಹಚ್ಚಿಕೊಡು ಎಂದರು.

ಹಚ್ಚುವ ಕೆಲಸವನ್ನು ಅಕ್ಕನ ಅಂಗಳದಲ್ಲಿ, ಒಣ ನೆಲದ ಮೇಲೆ ಮಾಡಿದೆ. ಆ ಎರಡು ದಿನ ನಾನು ಬಹಳ ಧೈರ್ಯವಂತನಾಗಿದ್ದೆ. ಮಾಮಾ ಹಿಂದೆ ಕೂರುತ್ತಾರೆ, ಆದ್ದರಿಂದ ತೂಕ ಸರಿಹೋಗಲು ಬ್ಯಾಟರಿಯನ್ನು ಮುಂದುಗಡೆ ಪೆಟ್ಟಿಗೆಯೊಳಗೆ ಕೂರಿಸಿ ಬೆಲ್ಟು ಬಿಗಿದೆ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು. ಕರೆಂಟು ಹೆಚ್ಚಾದಾಗ ಅದು ಸುಟ್ಟು ತಡೆಯದಿದ್ದರೆ ಇರಲಿ ಎಂದು ಮತ್ತೊಂದು ಬ್ರೇಕರು. ಅಲ್ಲಿಂದ ಹಿಂದಿನವರೆಗೆ ಬೋರ್‌ವೆಲ್ಲಿಗೆ ಇಳಿಸುವ ದಪ್ಪ ಚಪ್ಪಟೆ ಕೇಬಲ್. ನೀರಿಗೆ ಹೆದರದ ಕೇಬಲ್ ಅದು, ನನ್ನ ಹಾಗಲ್ಲ. ಮೋಟರನ್ನು ರಾತ್ರಿ ಕೆರೆಯಲ್ಲಿ ಬಿಡುವ ಹಾಗಿಲ್ಲ, ಬೆಳಗಾಗುವಷ್ಟರಲ್ಲಿ ಮಾಯವಾಗುತ್ತದೆ. ದಿನಾ ಸಂಜೆ ಎರಡು ತಿರುಪು ಸಡಿಲಿಸಿ, ಕಳಚಿ, ಸ್ಕೂಟಿಯ ಮೇಲೆ ಮನೆಗೆ ತರಬೇಕು. ಆದ್ದರಿಂದ ತಂತಿ ನೇರವಾಗಿ ಬಿಗಿಯುವಂತಿಲ್ಲ, ಪ್ಲಗ್ಗು ಬೇಕು. ಅಂಗಡಿಯಲ್ಲಿ ವೆಲ್ಡಿಂಗ್ ಮಷಿನ್ನಿನವರು ಒಯ್ಯುವ ದಪ್ಪ ಎರಡು ಕಡ್ಡಿಯ ಪ್ಲಗ್ಗು ಇತ್ತು, ಎಷ್ಟು ಕರೆಂಟು ಎಳೆದರೂ ಬಿಸಿಯಾಗುವುದಿಲ್ಲ. ಅದನ್ನೇ ಹಾಕಿದೆ. ಅಂಗಳದಲ್ಲಿ ಬಾನಿಯೊಳಗೆ ನೀರು ತುಂಬಿ, ಮೋಟರಿನ ರೆಕ್ಕೆ ಮುಳುಗಿಸಿ ತಿರುಗಿಸಿದೆವು. ಅಕ್ಕನ ಸೀರೆ ತೊಯ್ದಿತು. ಮಾಮಾ ಬಹಳ ದಿನಗಳ ಮೇಲೆ ನಕ್ಕರು.

ಅಕ್ಕ ನಗಲಿಲ್ಲ. ಸೀರೆ ಹಿಂಡಿಕೊಳ್ಳುತ್ತ ನನ್ನನ್ನು ಅಡುಗೆಮನೆಗೆ ಕರೆದಳು. “ನಡು ಕೆರ್ಯಾಗ ಇದು ನಿಂತ್ರ ಏನ್ ಮಾಡ್ತಾರಪಾ ಇವರು? ಹುಟ್ಟು ಹಾಕಾಕ ಆಗಂಗಿಲ್ಲ, ಆ ಕೈಲೆ ಈಸಾಕೂ ಆಗಂಗಿಲ್ಲ,” ಎಂದಳು. ನಾನು ಫ್ಯೂಸು, ಬ್ರೇಕರು ಎಂದು ಏನೇನೋ ಹೇಳಿದೆ. ಅವಳು ಅದೆಲ್ಲ ಮುಗಿಯುವವರೆಗೆ ಕಾಯ್ದು, “ಊರ ಮಂದಿ ಬೋರಿಗೆಲ್ಲಾ ಮೊದ್ಲ ಬಟನ್ ನೀ ಒತ್ತತಿ. ನಿಮ್ಮ ಮಾಮಾನ ದೋಣಿಗೆ ಯಾರು ಒತ್ತಬೇಕು?” ಎಂದು ಕೇಳಿದಳು. ನನ್ನ ಅಂಗಡಿಯ ಗೋಡೆಯ ಮೇಲಿನ ಕೆಂಪು ಅಕ್ಷರಗಳು ಕಣ್ಣ ಮುಂದೆ ಬಂದವು. ನೀರಿನ ಕಥೆ ಗೊತ್ತಿರುವವಳೇ ಈ ಮಾತು ಕೇಳುತ್ತಾಳೆ ಎಂದರೆ ಅವಳಿಗೆ ಎಷ್ಟು ಭಯವಾಗಿರಬೇಕು ಎಂದು ಅರ್ಥವಾಯಿತು. ಆದರೆ ನನ್ನ ಭಯ ಅದಕ್ಕಿಂತ ದೊಡ್ಡದಾಗಿತ್ತು.

ಮುಂದಿನ ದಿನಗಳಲ್ಲಿ ನಾನು ಗಾಳಿಯ ನೆಪ ಹಿಡಿದೆ. ದಿನಾ ಫೋನು ಮಾಡಿ ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗುತ್ತಿವೆಯೇ ಎಂದು ಕೇಳುತ್ತಿದ್ದೆ. ತಿರುಗುತ್ತಿವೆ ಎಂದರೆ ಹಾಗಾದರೆ ಇವತ್ತು ಬೇಡ ಎನ್ನುತ್ತಿದ್ದೆ. ಗಾಳಿ ಎಂದೂ ನಿಲ್ಲದ ಜಾಗ ನೋಡಿಯೇ ಕಂಪನಿಯವರು ಅವನ್ನು ನೆಟ್ಟಿದ್ದಾರೆಂಬುದು ನನಗೂ ಗೊತ್ತಿತ್ತು, ಮಾಮಾನಿಗೂ ಗೊತ್ತಿತ್ತು. ಕೊನೆಗೆ ಅವರು, ನೀನು ಬರದಿದ್ದರೆ ಚಿಂತೆಯಿಲ್ಲ, ನಾಳೆ ನಾನೊಬ್ಬನೇ ಹೋಗಿ ಬರುತ್ತೇನೆ ಎಂದರು. ಹೋಗಲು ಬಿಟ್ಟರೆ ನನ್ನ ಜೀವ ಉಳಿಯುತ್ತಿತ್ತು, ನಿದ್ದೆ ಮಾತ್ರ ಹೋಗುತ್ತಿತ್ತು. ಹೊರಡುವಾಗ ಹೆಂಡತಿ, ಗ್ಯಾಸಿನ ಪುಸ್ತಕ ಎಲ್ಲಿಟ್ಟಿದ್ದೀರಿ ಎಂದಷ್ಟೇ ಕೇಳಿದಳು.

ಕೆರೆಯ ಏರಿಯ ಮೇಲೆ ಅಕ್ಕ ಗಾಳಿ ತುಂಬಿದ ಟ್ರ್ಯಾಕ್ಟರ್ ಟ್ಯೂಬು ಹಿಡಿದು ನಿಂತಿದ್ದಳು. ಅದನ್ನು ನನ್ನ ತಲೆಯ ಮೇಲಿಂದ ಇಳಿಸಿ ಕಂಕುಳ ಕೆಳಗೆ ಕೂರಿಸಿದಳು. ನಾನು ಪ್ಲಗ್ಗು ಹಾಕಿ, ದೋಣಿಯ ಮುಂದುಗಡೆ ಬ್ಯಾಟರಿಯ ಪೆಟ್ಟಿಗೆ ತಬ್ಬಿಕೊಂಡು ಕುಳಿತೆ. ಹನ್ನೆರಡು ವೋಲ್ಟು ಮನುಷ್ಯನನ್ನು ಏನೂ ಮಾಡುವುದಿಲ್ಲ ಎಂದು ನೂರು ಗಿರಾಕಿಗಳಿಗೆ ಹೇಳಿದವನು ನಾನು. ಆ ದಿನ ನಾನು ಹೆದರಿದ್ದು ಆ ಹನ್ನೆರಡು ವೋಲ್ಟಿಗಲ್ಲ, ಪೆಟ್ಟಿಗೆಯ ಆಚೆಗಿದ್ದ ನೀರಿಗೆ. ಪದ್ಧತಿಯ ಪ್ರಕಾರ ಪೆಟ್ಟಿಗೆಯಲ್ಲಿದ್ದ ಬ್ರೇಕರಿನ ಬಟನ್ ಒತ್ತಿದೆ. ದೋಣಿ ಸದ್ದಿಲ್ಲದೆ ದಡ ಬಿಟ್ಟಿತು. ಸದ್ದಿಲ್ಲದಿರುವುದೇ ನನಗೆ ಹೆಚ್ಚು ಹೆದರಿಕೆ ತಂದಿತು, ನಮ್ಮ ಮೋಟರುಗಳು ಹಾಗಲ್ಲ, ನಾವಿದ್ದೇವೆ ಎಂದು ಗುಂಯ್‌ಗುಡುತ್ತಿರುತ್ತವೆ. ಮಾಮಾ ಎಡಗೈಯಲ್ಲಿ ಹಿಡಿಕೆ ತಿರುವುತ್ತ, ಇಲ್ಲಿ ಕಟ್ಲಾ ಮೀನು ಸಿಗುತ್ತದೆ, ಅಲ್ಲಿ ಆಳ ಬಹಳ ಎಂದು ತೋರಿಸುತ್ತಿದ್ದರು. ಆಳದ ಸುದ್ದಿ ಬರುತ್ತಲೇ ನಾನು ಪೆಟ್ಟಿಗೆಯನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡೆ.

ನಡುಗೆರೆಯಲ್ಲಿ ತಿರುಗಿ ದಡದ ಕಡೆ ಮುಖ ಮಾಡಿದ್ದೆವು. ಅಷ್ಟರಲ್ಲಿ ರೆಕ್ಕೆಗೆ ನೀರಬಳ್ಳಿ ಸುತ್ತಿಕೊಂಡಿತು. ಮಾಮಾ ಕೈ ಹಾಕಿ ಬಿಡಿಸಲು ಹೋದರು. ನಾನು ತಡೆದೆ. ರೆಕ್ಕೆ ಮುಟ್ಟುವ ಮೊದಲು ಪ್ಲಗ್ಗು ಕೀಳಲೇಬೇಕು, ಇದು ಸುರಕ್ಷತೆಯ ಮೊದಲ ಪಾಠ ಎಂದು ಬೋಧಿಸಿ, ಟ್ಯೂಬಿನ ಸಮೇತ ತೆವಳಿಕೊಂಡು ಹಿಂದೆ ಹೋಗಿ ನಾನೇ ಕಿತ್ತೆ. ಅವರು ಬಳ್ಳಿ ಬಿಡಿಸಿದರು. ಕಣ್ಣು ಅರ್ಧ ಮುಚ್ಚಿಕೊಂಡು ಪ್ಲಗ್ಗನ್ನು ಮತ್ತೆ ಸಿಕ್ಕಿಸಿ, ತೆವಳಿಕೊಂಡು ನನ್ನ ಜಾಗಕ್ಕೆ ಬಂದೆ. ಮಾಮಾ ಹಿಡಿಕೆ ತಿರುವಿದರು. ದಡದ ಮೇಲಿನ ಅಕ್ಕ ಹತ್ತಿರವಾಗುವ ಬದಲು ಸಣ್ಣವಳಾಗತೊಡಗಿದಳು. ಇನ್ನಷ್ಟು ತಿರುವಿದರು, ಅಕ್ಕ ಇನ್ನಷ್ಟು ಸಣ್ಣವಳಾದಳು. ದೋಣಿ ನಮ್ಮನ್ನು ಹಿಂದು ಹಿಂದಕ್ಕೆ ಆಳದ ಕಡೆಗೆ ಒಯ್ಯುತ್ತಿತ್ತು. ಕೆರೆಯೇ ನನ್ನನ್ನು ಗುರುತು ಹಿಡಿದು ಎಳೆದುಕೊಳ್ಳುತ್ತಿದೆ ಎಂದು ನನಗೆ ಖಂಡಿತವಾಗಿ ಅನಿಸಿತು. ಹೆಂಡತಿಗೆ ಗ್ಯಾಸಿನ ಪುಸ್ತಕದ ಜಾಗ ತಪ್ಪು ಹೇಳಿದೆನೇನೋ ಎಂಬ ಚಿಂತೆಯೂ ಅದರ ನಡುವೆ ಬಂತು. ಮೋಟರು ಯಾಕೆ ಹೀಗೆ ಮಾಡುತ್ತಿದೆ ಎಂದು ಮಾಮಾ ಕೇಳಿದರೆ, ಇಪ್ಪತ್ತು ವರ್ಷದಿಂದ ಮೋಟರು ಸುತ್ತಿದ ನಾನು ಟ್ಯೂಬಿನ ಗಾಳಿ ಸರಿಯಿದೆಯೇ ಎಂದು ಒತ್ತಿ ನೋಡುತ್ತಿದ್ದೆ.

ಮಾಮಾ, “ಹಿಂದಕ್ಕ ಹೊಂಟೈತಿ ಅಂದ್ರ ಹಿಂದಕ್ಕನ ಹೋಗೂನು ತಗೋ. ಅದರ ಬೆನ್ನು ಮನಿ ಕಡೆ ಮಾಡಿದ್ರ ಆತು,” ಎಂದರು. ಹಿಡಿಕೆಯನ್ನು ಪಕ್ಕಕ್ಕೆ ಒತ್ತಿ ದೋಣಿಯ ಹಿಂಭಾಗವನ್ನು ದಡದ ಕಡೆಗೆ ತಿರುಗಿಸಿ, ಹೆಗಲ ಮೇಲಿಂದ ಹಿಂದೆ ನೋಡುತ್ತ ನಡೆಸಿದರು. ನಾನು ತಿರುಗಿ ಕೂತರೆ ದೋಣಿ ಅಲುಗಾಡುತ್ತದೆಂದು ಹಾಗೆಯೇ ಇದ್ದೆ. ಹೀಗೆ ದೂರವಾಗುತ್ತಿರುವ ಕೆರೆಯನ್ನು ನೋಡುತ್ತ, ಅಕ್ಕನಿಗೆ ಬೆನ್ನು ತೋರಿಸುತ್ತ ನಾನು ದಡ ಸೇರಿದೆ. ಇಬ್ಬರೂ ಯಾಕೆ ಬೆನ್ನು ಮಾಡಿ ಬಂದಿರಿ ಎಂದು ಅಕ್ಕ ಕೇಳಿದಳು. ಮಾಮಾ ದೋಣಿ ಕಟ್ಟುತ್ತ, “ನಿನ್ನ ತಮ್ಮಗ ಕೆರಿ ಬಿಟ್ಟು ಬರಾಕ ಮನಸಾಗವಲ್ದು. ನೋಡಕೋತ ಬಂದ,” ಎಂದುಬಿಟ್ಟರು. ನನ್ನ ಮರ್ಯಾದೆ ಉಳಿಯಿತು.

ಒಣ ನೆಲಕ್ಕೆ ಕಾಲು ತಾಗಿದ ಕೂಡಲೇ ಬುದ್ಧಿ ಮರಳಿ ಬಂತು. ಪ್ಲಗ್ಗನ್ನು ಕೈಯಲ್ಲಿ ಹಿಡಿದು ನೋಡಿದೆ. ಎರಡೂ ಕಡ್ಡಿ ಒಂದೇ ದಪ್ಪ, ಒಂದೇ ಉದ್ದ. ಹೇಗೆ ತೂರಿಸಿದರೂ ಹೋಗುತ್ತದೆ. ಮನೆಯ ಕರೆಂಟಿಗೆ ಹೇಗೆ ಹಾಕಿದರೂ ನಡೆಯುತ್ತದೆ. ಬೋರಿನ ಮೋಟರು ಉಲ್ಟಾ ತಿರುಗಿದರೆ ಎರಡು ತಂತಿ ಅದಲುಬದಲು ಮಾಡಿ ಚಹಾ ಕುಡಿಯಲು ಹೋಗುತ್ತೇವೆ. ಬ್ಯಾಟರಿಗೆ ಪ್ಲಸ್ಸು ಮೈನಸ್ಸು ಅದಲುಬದಲಾದರೆ ಮೋಟರೇ ಉಲ್ಟಾ ತಿರುಗುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ಫ್ಯೂಸು, ಬ್ರೇಕರು, ಟ್ಯೂಬು ಎಂದು ಮೂರು ಕಡೆಯಿಂದ ಹೆದರಿದವನಿಗೆ ಪ್ಲಗ್ಗಿಗೆ ಹೆದರಲು ಪುರುಸೊತ್ತು ಸಿಕ್ಕಿರಲಿಲ್ಲ, ಅಷ್ಟೇ. ಮಾಮಾ ಒಬ್ಬರೇ ಹೋಗಿದ್ದರೆ, ಗಾಳಿ ಜೋರಿದ್ದರೆ ಎಂದು ಯೋಚಿಸಿ ಅಲ್ಲೇ ಏರಿಯ ಕಲ್ಲಿನ ಮೇಲೆ ಕುಳಿತುಬಿಟ್ಟೆ. 

ಅಕ್ಕ ಬಂದು ಎದುರಿಗೆ ನಿಂತಳು. “ಖರೆ ಹೇಳು ಬಸು. ನಾಳೆ ಇವರನ್ನ ಒಬ್ಬರನ್ನ ಕಳಿಸ್ಲೇನು?”

ಮಾಮಾ ನನ್ನ ಕಡೆ ನೋಡದೆ ಬಲೆ ಜಾಡಿಸುತ್ತಿದ್ದರು. ಹೂಂ ಎಂದರೆ ಮುಗಿಯುತ್ತಿತ್ತು. ನಾನು, “ನಾಳೆ ಬ್ಯಾಡಕ್ಕ. ಈ ಪ್ಲಗ್ ಬದ್ಲಿ ಮಾಡ್ತೀನಿ. ಮಾಡಿ ಮತ್ತ ಮೊದ್ಲ ನಾನ ಹೋಗಿ ಬರ್ತೀನಿ,” ಎಂದೆ. ಹೇಳಿದವನು ನಾನೇ ಎಂದು ನಂಬಲು ನನಗೆ ಸ್ವಲ್ಪ ಸಮಯ ಹಿಡಿಯಿತು.

ಹೋಗಿ ಬಂದೆ. ಒಂದೇ ರೀತಿಯಲ್ಲಿ ಮಾತ್ರ ಒಳಹೋಗುವ, ಒಂದು ಕಡ್ಡಿ ದಪ್ಪಗಿರುವ ಪ್ಲಗ್ಗು ಹಾಕಿದ್ದೇನೆ. ನಡುಗೆರೆಯಲ್ಲಿ ಅದನ್ನು ಹತ್ತು ಸಲ ಕಿತ್ತು ಹತ್ತು ಸಲ ಹಾಕಿ ನೋಡಿದೆ, ಮಾಮಾ ಬೇಸತ್ತು ಬೀಡಿ ಹಚ್ಚಿದರು. ಈಗ ಅವರು ದಿನಾ ಒಬ್ಬರೇ ಹೋಗುತ್ತಾರೆ, ಸಂಜೆ ಅವರು ದಡ ಸೇರಿದ ಮೇಲೆ ಅಕ್ಕ ಒಂದು ಮಿಸ್ಡ್ ಕಾಲ್ ಕೊಡುತ್ತಾಳೆ. ಅದು ಬರುವವರೆಗೆ ನಾನು ಅಂಗಡಿಯಲ್ಲಿ ಯಾವ ತಂತಿಯನ್ನೂ ನೆಟ್ಟಗೆ ಸುತ್ತಲಾರೆ. ಟ್ರ್ಯಾಕ್ಟರ್ ಟ್ಯೂಬನ್ನು ಅಕ್ಕ ವಾಪಸು ಕೇಳಲಿಲ್ಲ, ನಾನೂ ಕೊಡಲಿಲ್ಲ. ಗೋಡೆಯ ಕೆಂಪು ಅಕ್ಷರಗಳ ಕೆಳಗೆ ಒಂದು ಮೊಳೆಗೆ ತೂಗುಹಾಕಿದ್ದೇನೆ. ಗಿರಾಕಿಗಳು ಇದೇನು ಎಂದರೆ ಪಂಕ್ಚರಿಗೆ ಬಂದದ್ದು ಎನ್ನುತ್ತೇನೆ. ಮೊನ್ನೆ ಫೋನು ಬರುವುದು ಸ್ವಲ್ಪ ತಡವಾಯಿತು. ಬೆಟಗೇರಿಯ ಒಣ ನೆಲದ ಮೇಲೆ, ನಡುಅಂಗಡಿಯಲ್ಲಿ, ನನಗೇ ಅರಿವಿಲ್ಲದೆ ನಾನು ಆ ಟ್ಯೂಬನ್ನು ಕಂಕುಳಿಗೆ ಏರಿಸಿಕೊಂಡು ಕುಳಿತಿದ್ದೆ. ಹರ್ತಿಯಿಂದ ಮೋಟರು ತಂದಿದ್ದ ಗಿರಾಕಿಯೊಬ್ಬ ಬಾಗಿಲಲ್ಲೇ ನಿಂತು ಗೋಡೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಆಮೇಲೆ ಬರುತ್ತೇನೆ ಎಂದು ಮೋಟರನ್ನು ಮತ್ತೆ ಟಂಟಂಗೆ ಏರಿಸಿದ.